ಬಯಲು ಯಾರ ಸ್ವತ್ತು?

ದುಡಿಯುವ ಜನ ಹೇಗೆ ಬಾಳುತ್ತಿದ್ದಾರೆಂದು ಅರಿಯಬೇಕಾದರೆ ಅವರು ಕೆಲಸ ಮಾಡುವ ಕಾರ್ಖಾನೆಯನ್ನೂ ಅವರ ಕೈಸೇರುವ ಸಂಬಳದ ಚೀಟಿಯನ್ನೂ ನೋಡಿದರೆ ಸಾಲದು. ಪಾಳಿ ಮುಗಿಸಿ ಹೊರಬಿದ್ದ ಮೇಲೆ ಅವರಿಗೆ ನಾಲ್ಕು ಜನರ ನಡುವೆ ನಿಲ್ಲಲು ಜಾಗವಿದೆಯೇ, ಸಂಜೆ ಐದು ಗಂಟೆಗೆ ಅವರ ಮಕ್ಕಳು ಓಡಲು ಒಂದು ಬಯಲಿದೆಯೇ ಎಂಬುದನ್ನೂ ನೋಡಬೇಕು. ೧೮೮೬ರಲ್ಲಿ ಷಿಕಾಗೋ ನಗರದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಬೀದಿಗಿಳಿದಾಗ ಅವರು ಕೇಳಿದ್ದು ವಿಶ್ರಾಂತಿಯನ್ನು ಮಾತ್ರವೇ ಆಗಿರಲಿಲ್ಲ. ದಿನದ ಮೂರನೆಯ ಒಂದು ಪಾಲು ತಮ್ಮ ಸ್ವಂತದ್ದಾಗಿರಬೇಕೆಂದು ಅವರು ಕೇಳಿದರು. ಆ ಪಾಲನ್ನು ಕಳೆಯಲು ಸಿರಿವಂತರಿಗೆ ಬಂಗಲೆಯಿದೆ, ತೋಟವಿದೆ, ಕ್ಲಬ್ಬಿದೆ. ಹತ್ತಡಿ ಅಗಲದ ಕೋಣೆಯಲ್ಲಿ ಐದಾರು ಮಂದಿ ಮಲಗುವ ಕುಟುಂಬಕ್ಕೆ ಇರುವುದು ಊರಿನ ಬಯಲೊಂದೇ.

ಆ ಬಯಲು ಈಗ ಕೈಬಿಟ್ಟು ಹೋಗುತ್ತಿದೆ. ಅದರ ಜೊತೆಗೆ ಇನ್ನೂ ಒಂದು ಬೆಲೆಬಾಳುವ ವಸ್ತು ಕೈಬಿಟ್ಟು ಹೋಗುತ್ತಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಉದಾಹರಣೆಗೆ ನಾವು ಬೆಂಗಳೂರಿನ ದಂಡು ಪ್ರದೇಶವನ್ನೂ ಅದರ ಪೂರ್ವಕ್ಕಿರುವ ಕೇರಿಗಳನ್ನೂ ಆರಿಸಿಕೊಂಡಿದ್ದೇವೆ. ಶಿವಾಜಿನಗರ, ಹಲಸೂರು, ಗೌತಮಪುರ, ಮರ್ಫಿ ಟೌನು, ಆಸ್ಟಿನ್ ಟೌನು, ಅಲ್ಲಿಂದಾಚೆ ಸರ್ವಜ್ಞನಗರ, ಕೃಷ್ಣರಾಜಪುರ. "ಬೆಂಗಳೂರಿನ ಮಾತು ನಮಗೇಕೆ?" ಎಂದು ನಮ್ಮ ಜಿಲ್ಲೆಯ ಓದುಗರು ಕೇಳಬಹುದು. ಬಡವರ ಕ್ಲಬ್ಬುಗಳು ಏನನ್ನು ಮಾಡಬಲ್ಲವು ಎಂಬುದಕ್ಕೆ ನಮ್ಮ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೇಲಾಗಿ, ಅಲ್ಲಿ ಇಂದು ಆಗುತ್ತಿರುವುದು ನಾಳೆ ನಮ್ಮ ಊರಿನ ಗಿರಣಿಯ ಬಯಲಿಗೂ ಆಗುವುದೇ.

ದಂಡು ಪ್ರದೇಶದಲ್ಲಿ ಮೊದಲಿನಿಂದಲೂ ಎರಡು ಬಗೆಯ ಕ್ಲಬ್ಬುಗಳಿದ್ದವು. ೧೮೦೯ರಲ್ಲಿ ಬ್ರಿಟಿಷರು ಅಲ್ಲಿ ದಂಡನ್ನು ನೆಲೆಗೊಳಿಸಿದರು. ೧೮೬೮ರಲ್ಲಿ ಅಧಿಕಾರಿಗಳಿಗಾಗಿ ಯುನೈಟೆಡ್ ಸರ್ವಿಸ್ ಕ್ಲಬ್ ಹುಟ್ಟಿತು. ಇಂದಿನ ಬೆಂಗಳೂರು ಕ್ಲಬ್ ಅದೇ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ ಸಾಹೇಬರು ಲೆಫ್ಟಿನೆಂಟರಾಗಿ ಬೆಂಗಳೂರಿನಲ್ಲಿದ್ದಾಗ ಆ ಕ್ಲಬ್ಬಿಗೆ ೧೩ ರೂಪಾಯಿ ಬಾಕಿ ಉಳಿಸಿ ಹೋದರು. ಆ ಬಾಕಿಯ ಲೆಕ್ಕ ೧೮೯೯ರ ಪುಸ್ತಕದಲ್ಲಿ ಇಂದಿಗೂ ಇದೆ, ಬಂದವರಿಗೆಲ್ಲ ಅದನ್ನು ಅಭಿಮಾನದಿಂದ ತೋರಿಸುತ್ತಾರೆ. ಬಡವನ ಬಾಕಿಯನ್ನು ಸಾಹುಕಾರನು ಮನೆಯ ಪಾತ್ರೆ ಜಪ್ತಿ ಮಾಡಿ ವಸೂಲು ಮಾಡುತ್ತಾನೆ. ದೊಡ್ಡವರ ಬಾಕಿಯಾದರೆ ಗಾಜಿನ ಪೆಟ್ಟಿಗೆಗೆ ಸೇರುತ್ತದೆ. ಇದು ಒಂದು ಬಗೆಯ ಕ್ಲಬ್ಬು.

ಇನ್ನೊಂದು ಬಗೆಯ ಕ್ಲಬ್ಬಿಗೆ ಕಟ್ಟಡವಿರಲಿಲ್ಲ, ದಫ್ತರವಿರಲಿಲ್ಲ, ಅನೇಕ ವೇಳೆ ಬೂಟುಗಳೂ ಇರಲಿಲ್ಲ. ದಂಡಿನ ಸುತ್ತ ಬೆಳೆದ ಕೇರಿಗಳಲ್ಲಿ ಇದ್ದವರು ತೋಟಮಾಲಿಗಳು, ಅಡಿಗೆಯವರು, ಕುದುರೆಲಾಯದವರು, ಚಮ್ಮಾರರು, ದರ್ಜಿಗಳು, ಮದ್ರಾಸಿನ ಕಡೆಯಿಂದ ಬಂದ ಕೂಲಿಕಾರರು, ಸಣ್ಣಪುಟ್ಟ ಅಂಗಡಿಯವರು. ಗೋರಾ ಸೈನಿಕರು ಬಯಲಿನಲ್ಲಿ ಫುಟ್‌ಬಾಲ್ ಆಡುವುದನ್ನು ಇವರ ಮಕ್ಕಳು ಅಂಚಿನಲ್ಲಿ ನಿಂತು ನೋಡಿದರು, ಹೊರಗೆ ಹೋದ ಚೆಂಡನ್ನು ಎತ್ತಿಕೊಟ್ಟರು. ಆಮೇಲೆ ತಾವೇ ಆಡಿದರು.

ಹೇಗೆ ಆಡಿದರೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಬೊಂಬಾಯಿಯ ರೋವರ್ಸ್ ಕಪ್ ಪಂದ್ಯಾವಳಿ ೧೮೯೧ರಲ್ಲಿ ಆರಂಭವಾಯಿತು. ಮುಂದಿನ ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅದು ಬ್ರಿಟಿಷ್ ಪಲ್ಟಣಗಳ ಕೈಯಲ್ಲಿಯೇ ಇತ್ತು. ೧೯೩೭ರಲ್ಲಿ ಅದನ್ನು ಗೆದ್ದುಕೊಂಡ ಮೊದಲನೆಯ ಭಾರತೀಯ ತಂಡ ಈ ದಂಡು ಪ್ರದೇಶದ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ, ೧೯೩೮ರಲ್ಲಿ, ಬ್ರಿಟಿಷ್ ಪಲ್ಟಣವೊಂದನ್ನು ಸೋಲಿಸಿ ಮತ್ತೆ ಗೆದ್ದರು. ಕಲ್ಕತ್ತೆಯ ಲೀಗನ್ನು ೧೯೩೪ರಲ್ಲಿ ಗೆದ್ದ ಮೊದಲ ಭಾರತೀಯ ತಂಡವಾದ ಮೊಹಮದನ್ ಸ್ಪೋರ್ಟಿಂಗಿನಲ್ಲಿಯೂ ಬೆಂಗಳೂರಿನ ಹುಡುಗರಿದ್ದರು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸಿನ ಎದುರು ಆಡಿದಾಗ ನಮ್ಮವರಲ್ಲಿ ಬಹುಪಾಲು ಮಂದಿ ಬರಿಗಾಲಿನಲ್ಲಿ ಆಡಿದರು. ಅಂದು ಭಾರತದ ಪರವಾಗಿ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹಮದ್ ಖಾನ್ ೧೯೪೮ ಮತ್ತು ೧೯೫೨ರ ಎರಡು ಒಲಿಂಪಿಕ್ಸುಗಳಲ್ಲಿ ಆಡಿದರು, ೧೯೫೧ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು. ಕೊನೆಯದು ೧೯೬೮-೬೯ರಲ್ಲಿ. ಆಮೇಲೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. ೨೦೨೩ರ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು ೩-೨ರಿಂದ ಸೋಲಿಸಿ ಮತ್ತೆ ಗೆದ್ದಿತು.

ಇವೆಲ್ಲವನ್ನೂ ನಾವು ಬರೆಯುತ್ತಿರುವುದು ಕಪ್ಪುಗಳ ಪಟ್ಟಿ ಒಪ್ಪಿಸುವುದಕ್ಕಲ್ಲ. ಈ ಆಟಗಾರರನ್ನು ಯಾವ ರಾಜನೂ ಸಾಕಲಿಲ್ಲ, ಯಾವ ಕಂಪನಿಯೂ ಕೊಂಡು ತರಲಿಲ್ಲ. ಇವರನ್ನು ಬೆಳೆಸಿದ್ದು ಕೇರಿಯ ಬಯಲು ಮತ್ತು ಕೇರಿಯ ಕ್ಲಬ್ಬು. ಭಾರತ ತಂಡದ ನಾಯಕನಾಗಿದ್ದು ೨೦೨೦ರ ಅಕ್ಟೋಬರಿನಲ್ಲಿ ತೀರಿಕೊಂಡ ಕಾರ್ಲ್ಟನ್ ಚಾಪ್ಮನ್ ಬೆಳೆದದ್ದು ಆಸ್ಟಿನ್ ಟೌನಿನಲ್ಲಿ. ಅದು ಸಣ್ಣ ಮನೆಗಳ, ಕಿರಿದಾದ ಓಣಿಗಳ ಬಡಾವಣೆ. ಹಲಸೂರಿನ ಬಳಿಯ ಗೌತಮಪುರಕ್ಕೆ ಹೋದವರು ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಗೆ ನಾಲ್ಕನೆಯ ಪ್ರತಿಮೆಯೊಂದನ್ನು ಕಾಣುತ್ತಾರೆ. ಅದು ಬ್ರೆಜಿಲಿನ ಪೆಲೆಯದು. ಕಡುಬಡತನದಲ್ಲಿ ಹುಟ್ಟಿ, ಬರಿಗಾಲಿನಲ್ಲಿ ಆಡಿ, ಲೋಕವನ್ನೇ ಗೆದ್ದ ಕಪ್ಪು ಮನುಷ್ಯನನ್ನು ಅಲ್ಲಿಯ ಕೂಲಿಕಾರ ಜನ ತಮ್ಮವನೆಂದು ತಿಳಿದು ನಿಲ್ಲಿಸಿಕೊಂಡಿದ್ದಾರೆ. ೨೦೨೨ರ ಡಿಸೆಂಬರಿನಲ್ಲಿ ಪೆಲೆ ತೀರಿಕೊಂಡಾಗ ಆ ಪ್ರತಿಮೆಗೆ ಹೂಮಾಲೆ ಬಿತ್ತು.

ಇನ್ನು ಭಾಷೆಯ ಮಾತು. ಹಲಸೂರು ಕೆರೆಯ ದಡದಲ್ಲಿದ್ದ ತಿರುವಳ್ಳುವರರ ಪ್ರತಿಮೆ ೧೯೯೧ರಿಂದ ಹದಿನೆಂಟು ವರ್ಷ ಮುಸುಕಿನೊಳಗೇ ನಿಂತಿತ್ತು. ೨೦೦೯ರ ಆಗಸ್ಟ್ ೯ರಂದು ಅದರ ಮುಸುಕು ತೆಗೆಯಲಾಯಿತು. ನಾಲ್ಕು ದಿನ ಕಳೆದ ಮೇಲೆ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಎರಡು ಸರ್ಕಾರಗಳಿಗೆ ಹದಿನೆಂಟು ವರ್ಷ ಹಿಡಿದ ಕೆಲಸವಿದು. ಅದೇ ಹದಿನೆಂಟು ವರ್ಷ ಅದೇ ಕೆರೆಯ ಸುತ್ತಲಿನ ಬಯಲುಗಳಲ್ಲಿ ಕನ್ನಡದ ಹುಡುಗ, ತಮಿಳಿನ ಹುಡುಗ, ಉರ್ದುವಿನ ಹುಡುಗ, ತೆಲುಗಿನ ಹುಡುಗ ಒಂದೇ ಬಣ್ಣದ ಅಂಗಿ ತೊಟ್ಟು ಪ್ರತಿ ಸಂಜೆ ಆಡುತ್ತಿದ್ದರು. ಚೆಂಡು ಕಾಲಿಗೆ ಬಂದಾಗ ಅದನ್ನು ಯಾವ ಭಾಷೆಯವನಿಗೆ ಕೊಡಬೇಕೆಂದು ಯಾರೂ ಯೋಚಿಸಲಿಲ್ಲ.

ನಾವು ಮೊದಲಿಗೆ ಹೇಳಿದ ಆ ಇನ್ನೊಂದು ವಸ್ತು ಯಾವುದೆಂದು ಈಗ ಹೇಳುತ್ತೇವೆ. ಬಡಾವಣೆಯ ಕ್ಲಬ್ಬೆಂದರೆ ಹನ್ನೊಂದು ಜನ ಆಟಗಾರರು ಮಾತ್ರವೇ ಎಂದು ತಿಳಿದವರು ಬಡಾವಣೆಯಲ್ಲಿ ಬಾಳಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ರಕ್ತ ಬೇಕೆಂದು ನಿಂತವನಿಗೆ ಮೊದಲು ನೆನಪಾಗುವುದು ಕ್ಲಬ್ಬಿನ ಹುಡುಗರು. ಒಂದು ಕೂಗಿಗೆ ಹತ್ತು ಜನ ತೋಳು ಚಾಚಿ ಬರುತ್ತಾರೆ. ಸಾವಾದ ಮನೆಗೆ ಚಪ್ಪರ ಹಾಕುವವರು, ಚಟ್ಟ ಕಟ್ಟುವವರು, ಹೆಗಲು ಕೊಡುವವರು ಅವರು. ಮಳೆಗಾಲದಲ್ಲಿ ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದಾಗ ಮುದುಕರನ್ನು ಹೊತ್ತು ಹೊರಗೆ ತರುವವರು ಅವರು. ೨೦೨೦ರಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ, ದಿನಗೂಲಿಯವನ ಒಲೆ ಆರಿದಾಗ, ಮನೆಮನೆಗೆ ಅಕ್ಕಿ ಬೇಳೆ ಹಂಚಿದವರಲ್ಲಿ ಊರೂರಿನ ಇಂಥ ಯುವಕರಿದ್ದರು. ಇದಕ್ಕೆ ಅವರಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ದಿನವೂ ಒಟ್ಟಿಗೆ ಸೇರಿ ಆಡುವವರು ಒಬ್ಬರನ್ನೊಬ್ಬರು ಬಲ್ಲರು. ಯಾರು ಬರುತ್ತಾರೆ, ಯಾರು ಜಾರಿಕೊಳ್ಳುತ್ತಾರೆ, ಯಾರ ಕೈಗೆ ಹಣ ಕೊಡಬಹುದು ಎಂಬುದನ್ನು ಬಲ್ಲರು. ಆ ನಂಬಿಕೆಯೇ ಸಮಾಜಸೇವೆಯ ಬಂಡವಾಳ. ಅದು ಸಂಪಾದನೆಯಾಗುವುದು ಬಯಲಿನಲ್ಲಿ.

ಕಡಲತೀರದ ಊರುಗಳಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಊರಿಗೊಂದರಂತೆ ಯುವಕ ಮಂಡಲಗಳಿವೆ. ಕಬಡ್ಡಿ, ವಾಲಿಬಾಲ್ ಪಂದ್ಯಾವಳಿ ನಡೆಸುವವರು ಅವರೇ. ಉಳಿದ ಹಣವನ್ನು ಊರಿನ ರೋಗಿಯ ಚಿಕಿತ್ಸೆಗೆ ಕೊಡುವವರೂ ಅವರೇ. ಆಸ್ಟ್ರೇಲಿಯದ ಸಿಡ್ನಿ ನಗರದ ಬೊಂಡೈ ಕಡಲದಂಡೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಈಜುಗಾರರ ಜೀವರಕ್ಷಕ ಕ್ಲಬ್ಬಿದೆ. ಅಲ್ಲಿ ಸದಸ್ಯನಾದವನು ಸ್ಪರ್ಧೆಗಳಲ್ಲಿ ಈಜುವುದು ಮಾತ್ರವಲ್ಲದೆ ಸರದಿಯ ಪ್ರಕಾರ ದಂಡೆಯನ್ನು ಸಂಬಳವಿಲ್ಲದೆ ಕಾಯಬೇಕು. ೧೯೩೮ರ ಫೆಬ್ರವರಿ ೬, ಭಾನುವಾರ, ದೊಡ್ಡ ಅಲೆಗಳು ಒಂದರ ಹಿಂದೊಂದು ಬಂದು ನೂರಾರು ಜನರನ್ನು ಆಳಕ್ಕೆ ಎಳೆದುವು. ಅಂದು ಕಾವಲಿಗೆ ನಿಂತಿದ್ದವರೂ ಸ್ಪರ್ಧೆಗೆಂದು ಸೇರಿದ್ದ ಕ್ಲಬ್ಬಿನ ಈಜುಗಾರರೂ ನೀರಿಗೆ ಹಾರಿ ಇನ್ನೂರಕ್ಕೂ ಹೆಚ್ಚು ಜನರನ್ನು ದಡಕ್ಕೆ ತಂದರು. ಸತ್ತವರು ಐದು ಮಂದಿ. ಆಟಕ್ಕೆಂದು ಕಲಿತ ಈಜು ಅಂದು ಊರನ್ನು ಉಳಿಸಿತು. ನಮ್ಮ ದಂಡಿನ ಹುಡುಗರಿಗೆ ಕಡಲಿಲ್ಲ. ಅವರ ಕಡಲೆಂದರೆ ಬಡತನ, ರೋಗ, ಮಳೆಗಾಲದ ಮೋರಿ. ಆದರೆ ಅವರ ಕೆಲಸವೂ ಅದೇ.

ಕಾರ್ಖಾನೆಗಳಿದ್ದ ಕಾಲದಲ್ಲಿ ಈ ಕ್ಲಬ್ಬುಗಳಿಗೆ ಇನ್ನೊಂದು ಆಸರೆಯಿತ್ತು. ಪೂರ್ವ ಬೆಂಗಳೂರಿನಲ್ಲಿ ೧೯೪೦ರಲ್ಲಿ ಎಚ್.ಎ.ಎಲ್. ಸ್ಥಾಪನೆಯಾಯಿತು, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ. ಬಂತು, ದೂರವಾಣಿನಗರವೆಂಬ ಊರೇ ಎದ್ದಿತು. ಈ ಕಾರ್ಖಾನೆಗಳು ವಸತಿಯ ಜೊತೆಗೆ ಆಟದ ಬಯಲನ್ನೂ ಕಟ್ಟಿದುವು, ಚೆನ್ನಾಗಿ ಆಡುವವನಿಗೆ ಕೆಲಸವನ್ನೂ ಕೊಟ್ಟುವು. ಬಡವನ ಮಗನ ಕಾಲಿಗೆ ಖಾಯಂ ನೌಕರಿಯ ಬೆಲೆ ಬಂತು. ಎಚ್.ಎ.ಎಲ್. ತಂಡ ೨೦೧೦ರಿಂದ ೨೦೧೨ರವರೆಗೆ ದೇಶದ ಐ-ಲೀಗಿನಲ್ಲಿ ಆಡಿ ಅಲ್ಲಿಂದ ಕೆಳಗಿಳಿಯಿತು. ಸಾರ್ವಜನಿಕ ಉದ್ಯಮವನ್ನು ಸೊರಗಿಸಿದ ನೀತಿ ಅದರ ಆಟದ ಬಯಲನ್ನೂ ಸೊರಗಿಸಿತು. ಇದನ್ನು ಯಾವ ಬಡ್ಜೆಟ್ಟಿನ ಭಾಷಣವೂ ನಷ್ಟದ ಬಾಬಿನಲ್ಲಿ ಬರೆಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೊದಲಿನಿಂದಲೂ ಜಿಪುಣ. ೧೯೪೮ರ ಕಾರ್ಖಾನೆ ಕಾಯ್ದೆ ೨೫೦ಕ್ಕೂ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನನ್ನು ಕೇಳಿತು, ೫೦೦ ಜನರಿದ್ದಲ್ಲಿ ಕಲ್ಯಾಣಾಧಿಕಾರಿಯನ್ನು ಕೇಳಿತು. ಆಡಲು ಒಂದು ಬಯಲನ್ನು ಮಾತ್ರ ಕೇಳಲಿಲ್ಲ. ೨೦೨೩ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ಆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ ೪೮ ಗಂಟೆಯ ಮಿತಿಯನ್ನು ಇಟ್ಟುಕೊಂಡೇ, ದಿನಕ್ಕೆ ೧೨ ಗಂಟೆಯವರೆಗೆ ದುಡಿಸಲು ದಾರಿ ತೆರೆಯಿತು. ಹನ್ನೆರಡು ಗಂಟೆ ದುಡಿದು ಒಂದೆರಡು ಗಂಟೆ ಬಸ್ಸಿನಲ್ಲಿ ನಿಂತು ಮನೆಗೆ ಬಂದವನು ಯಾವ ಕ್ಲಬ್ಬಿಗೆ ಹೋದಾನು? ಒಂದು ಕೈ ಕಾರ್ಮಿಕನ ಹೊತ್ತನ್ನು ಕಿತ್ತುಕೊಂಡರೆ ಇನ್ನೊಂದು ಕೈ ಅವನ ಜಾಗವನ್ನು ಕಿತ್ತುಕೊಳ್ಳುತ್ತಿದೆ.

ಆ ಎರಡನೆಯ ಕೈ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಉದ್ದಗಲಕ್ಕೂ ಕೃತಕ ಹುಲ್ಲಿನ ಬಲೆಪಂಜರಗಳು ಎದ್ದಿವೆ. ದೀಪವಿದೆ, ಬೇಲಿಯಿದೆ, ಗಂಟೆ ಲೆಕ್ಕದ ಬಾಡಿಗೆಯಿದೆ. ಬಾಡಿಗೆ ಗಂಟೆಗೆ ೧,೨೦೦ ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಹುಡುಗರು ಹಂಚಿಕೊಂಡರೆ ತಲೆಗೆ ೧೨೦ ರೂಪಾಯಿ. ವಾರಕ್ಕೆ ಮೂರು ದಿನ ಆಡಿದರೆ ೩೬೦, ನಾಲ್ಕು ವಾರಕ್ಕೆ ೧,೪೪೦. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ೨,೮೮೦ ರೂಪಾಯಿ. ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿ, ತಳ್ಳುಗಾಡಿಯ ತಂದೆ ಮಕ್ಕಳ ಓಟಕ್ಕೆ ತಿಂಗಳಿಗೆ ಇಷ್ಟು ತೆರಬಲ್ಲರೇ? ಖಾಸಗಿಯವನು ತನ್ನ ನಿವೇಶನದಲ್ಲಿ ಪಂಜರ ಕಟ್ಟಿ ಬಾಡಿಗೆ ಪಡೆದರೆ ಅದು ಅವನ ವ್ಯಾಪಾರ. ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಸಾರ್ವಜನಿಕ ಬಯಲಿಗೂ ಅದೇ ಪಂಜರ, ಅದೇ ಬೀಗ, ಅದೇ ಗಂಟೆ ಲೆಕ್ಕ ಬರುವುದಾದರೆ ಅದು ಕಳ್ಳತನಕ್ಕೆ ಇನ್ನೊಂದು ಹೆಸರು. ಬಯಲನ್ನು "ಅಭಿವೃದ್ಧಿ"ಪಡಿಸುತ್ತೇವೆಂದು ಗುತ್ತಿಗೆಗೆ ಕೊಡುವ ಮಾತು ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಅಭಿವೃದ್ಧಿಯಾದ ಮರುದಿನ ಅದೇ ಕೇರಿಯ ಹುಡುಗ ಬರಿಗೈಯಲ್ಲಿ ಒಳಗೆ ಬರಬಹುದೇ?

ಇಲ್ಲಿ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಬಯಲಿನಲ್ಲಿ ಪಂದ್ಯಾವಳಿ ನಡೆದ ದಿನ ಚಹದ ಅಂಗಡಿ, ಕಡಲೆಕಾಯಿಯವನು, ಬಜ್ಜಿ ಬೋಂಡದವಳು, ಸೈಕಲ್ ರಿಪೇರಿಯವನು, ಅಂಗಿ ಹೊಲಿದು ನಂಬರು ಅಚ್ಚು ಹಾಕುವವನು ಎಲ್ಲರಿಗೂ ನಾಲ್ಕು ಕಾಸು ಕಾಣುತ್ತದೆ. ಬೆಳ್ಳಿಯ ಬಣ್ಣದ ಕಪ್ಪಿಗೆ ಚಂದಾ ಕೊಡುವವರು ನೀವೇ. ಬಯಲಿಗೆ ಬೀಗ ಬಿದ್ದ ದಿನ ನಿಮ್ಮ ಸಂಜೆಯ ವ್ಯಾಪಾರಕ್ಕೂ ಬೀಗ ಬೀಳುತ್ತದೆ. ಬೇಲಿಯೊಳಗಿನ ಪಂಜರದಲ್ಲಿ ಚಹ ಮಾರುವವನು ಗುತ್ತಿಗೆದಾರನೇ ಆಗಿರುತ್ತಾನೆ.

ಎದುರುವಾದವನ್ನೂ ನಾವು ಅಲ್ಲಗಳೆಯುವುದಿಲ್ಲ. ಬಯಲನ್ನು ಸುಮ್ಮನೆ ಬಿಟ್ಟರೆ ಅದು ಧೂಳಿನ ಗುಂಡಿಯಾಗುತ್ತದೆ, ಲಾರಿಗಳ ನಿಲ್ದಾಣವಾಗುತ್ತದೆ, ರಾತ್ರಿ ಕುಡುಕರ ಮನೆಯಾಗುತ್ತದೆ. ನೋಡಿಕೊಳ್ಳಲು ಹಣ ಬೇಕು, ಆ ಹಣ ಎಲ್ಲಿಂದ ಬರಬೇಕು ಎಂದು ಅಧಿಕಾರಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೀದಿದೀಪಕ್ಕೆ ನಾವು ನಡೆದಷ್ಟು ಹೆಜ್ಜೆಗೆ ಬಾಡಿಗೆ ಕೇಳುವುದಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಪುಟಕ್ಕಿಷ್ಟೆಂದು ವಸೂಲು ಮಾಡುವುದಿಲ್ಲ. ಅವುಗಳ ಖರ್ಚು ತೆರಿಗೆಯಿಂದ ಹೋಗುತ್ತದೆ. ಬಯಲೂ ಆ ಜಾತಿಗೆ ಸೇರಿದ್ದು. ೧೯೩೧ರಲ್ಲಿ ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಕಾರ್ಮಿಕರ ಒಲಿಂಪಿಕ್ಸ್ ನಡೆದಾಗ ಅಲ್ಲಿಯ ಸಮಾಜವಾದಿ ನಗರಸಭೆ ಪ್ರಾಟರ್ ಎಂಬಲ್ಲಿ ದೊಡ್ಡದೊಂದು ಕ್ರೀಡಾಂಗಣವನ್ನೇ ಕಟ್ಟಿಸಿ ತೆರೆಯಿತು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅದು ಆದೀತಾದರೆ, ಏಷ್ಯದ ಶ್ರೀಮಂತ ನಗರಗಳ ಸಾಲಿನಲ್ಲಿ ನಿಲ್ಲುತ್ತೇವೆಂದು ಕೊಚ್ಚಿಕೊಳ್ಳುವ ಬೆಂಗಳೂರಿಗೆ ನಾಲ್ಕು ಬಯಲುಗಳಿಗೆ ನೀರು ಹಾಕಿಸಲು ಹಣವಿಲ್ಲವೆಂದರೆ ಯಾರು ನಂಬುತ್ತಾರೆ?

ಕಾನೂನಿನ ಆಧಾರವೂ ನಮ್ಮ ಕೈಯಲ್ಲಿದೆ. ಉದ್ಯಾನ, ಆಟದ ಬಯಲು ಮತ್ತು ತೆರಪು ಜಾಗಗಳ ರಕ್ಷಣೆಗೆಂದು ಕರ್ನಾಟಕದಲ್ಲಿ ೧೯೮೫ರ ಕಾಯ್ದೆಯಿದೆ. ಇಂಥ ಜಾಗಗಳ ಪಟ್ಟಿ ಮಾಡಬೇಕು, ಪಟ್ಟಿಗೆ ಸೇರಿದ್ದನ್ನು ಮನಬಂದಂತೆ ಬೇರೆ ಉದ್ದೇಶಕ್ಕೆ ಬಳಸಬಾರದು ಎಂಬುದು ಅದರ ತಿರುಳು. ೧೯೯೧ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಬೆಂಗಳೂರು ಮೆಡಿಕಲ್ ಟ್ರಸ್ಟ್ ವ್ಯಾಜ್ಯದಲ್ಲಿ, ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ತಳ್ಳಿಹಾಕಿತು. ಆಸ್ಪತ್ರೆಯಂಥ ಒಳ್ಳೆಯ ಕೆಲಸಕ್ಕೂ ಸಾರ್ವಜನಿಕರ ತೆರಪು ಜಾಗವನ್ನು ಖಾಸಗಿಯವರ ಪಾಲು ಮಾಡಬಾರದೆಂದ ಮೇಲೆ ಬಾಡಿಗೆಯ ಪಂಜರಕ್ಕೆ ಕೊಡಬಹುದೇ? ಆ ವ್ಯಾಜ್ಯವನ್ನು ಹೂಡಿದವರು ಆ ಬಡಾವಣೆಯ ನಿವಾಸಿಗಳೇ ಎಂಬುದನ್ನು ನೆನಪಿಡಬೇಕು. ದೊಡ್ಡ ಬಡಾವಣೆಯವರಿಗೆ ವಕೀಲರು ಸಿಕ್ಕರು. ಗೌತಮಪುರದಂಥ ಕೇರಿಗೆ ವಕೀಲರಾಗಬೇಕಾದವರು ನಾವು, ನಮ್ಮ ಸಂಘಗಳು.

ಕೇಳುವುದಾದರೂ ಯಾರನ್ನು? ಬೆಂಗಳೂರಿನ ನಗರಪಾಲಿಕೆಗೆ ೨೦೧೫ರಲ್ಲಿ ಚುನಾವಣೆ ನಡೆಯಿತು. ೨೦೨೦ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾರುಬಾರು. ೨೦೨೫ರಲ್ಲಿ ಹಳೆಯ ಪಾಲಿಕೆಯನ್ನು ಒಡೆದು ಐದು ಪಾಲಿಕೆಗಳನ್ನು ಮಾಡಿದರು. ೧೯೪೯ರಲ್ಲಿ ಪೇಟೆಯನ್ನೂ ದಂಡನ್ನೂ ಕೂಡಿಸಿ ಒಂದು ಪಾಲಿಕೆ ಮಾಡಿದಾಗ, ಗೋರಾ ಜನರ ಬಯಲುಗಳು ಇನ್ನು ಮೇಲೆ ಎಲ್ಲರವಾಗುತ್ತವೆಂಬ ಆಸೆಯಿತ್ತು. ಪಾಲಿಕೆ ಒಂದಿರಲಿ, ಐದಿರಲಿ, ಕೇರಿಯ ಜನ ಆರಿಸಿದ ಸದಸ್ಯನಿಲ್ಲದ ಕಾಲದಲ್ಲಿ ಬಯಲಿನ ವಿಚಾರದ ಕಡತಗಳು ಕತ್ತಲಲ್ಲಿ ಓಡಾಡುತ್ತವೆ. ಬೆಳಕಿಗೆ ಬರುವಷ್ಟರಲ್ಲಿ ಬೇಲಿ ಬಿದ್ದಿರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕ್ಲಬ್ಬುಗಳಿಗೂ ಎರಡು ಕಟುವಾದ ಮಾತು ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ತಿಯಾಗುವುದಿಲ್ಲ. ಎಷ್ಟೋ ಕ್ಲಬ್ಬುಗಳು ಇಂದು ಪುಢಾರಿಗಳ ಹುಟ್ಟುಹಬ್ಬದ ಫಲಕ ಕಟ್ಟುವ ಪಡೆಗಳಾಗಿವೆ. ಚುನಾವಣೆಗೆ ಮುಂಚೆ ಬಂದ ಜೊತೆ ಅಂಗಿ, ಒಂದು ಚೆಂಡು, ಒಂದು ರಾತ್ರಿಯ ಬಿರಿಯಾನಿ, ಇವುಗಳಿಗೆ ಐದು ವರ್ಷದ ನಾಲಗೆಯನ್ನು ಮಾರಿಕೊಳ್ಳುತ್ತವೆ. ಅಂಥ ಕ್ಲಬ್ಬು ನಾಳೆ ಬಯಲು ಹೋಗುವಾಗ ಬಾಯಿ ಬಿಡಲಾರದು. ಹಲವು ಕ್ಲಬ್ಬುಗಳಲ್ಲಿ ಲೆಕ್ಕಪುಸ್ತಕವಿಲ್ಲ. ಇದ್ದರೂ ಒಬ್ಬನ ಜೇಬಿನಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೆಣ್ಣುಮಕ್ಕಳಿಗೆ ಬಯಲಿನಲ್ಲಿ ಪಾಲಿಲ್ಲ. ಅರ್ಧ ಕೇರಿಯನ್ನು ಅಂಚಿನಲ್ಲಿ ನಿಲ್ಲಿಸಿ "ಬಯಲು ಎಲ್ಲರದು" ಎಂದು ಘೋಷಣೆ ಕೂಗುವುದು ನಾಚಿಕೆಗೇಡು. ಗೋರಾ ಸೈನಿಕ ಆಡುವಾಗ ನಮ್ಮ ಅಜ್ಜಂದಿರು ನಿಂತಿದ್ದ ಅಂಚು ಅದೇ ಎಂಬುದನ್ನು ಮರೆಯಬಾರದು.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಇಡುತ್ತೇವೆ. ಒಂದನೆಯದು, ೧೯೮೫ರ ಕಾಯ್ದೆಯ ಪ್ರಕಾರ ಪ್ರತಿ ವಾರ್ಡಿನ ಆಟದ ಬಯಲುಗಳ ಪಟ್ಟಿಯನ್ನು, ಅಳತೆ ಮತ್ತು ಎಲ್ಲೆಯ ಸಹಿತ, ಆಯಾ ಬಯಲಿನ ಬಾಗಿಲಲ್ಲಿಯೇ ಕನ್ನಡದಲ್ಲಿ ಬರೆಸಿ ನಿಲ್ಲಿಸಬೇಕು. ಎರಡನೆಯದು, ಸಾರ್ವಜನಿಕ ಬಯಲನ್ನು ಯಾವ ಖಾಸಗಿ ಸಂಸ್ಥೆಗೂ ಗುತ್ತಿಗೆಗೆ ಕೊ‍ಡಕೂಡದು. ಸಂಜೆ ನಾಲ್ಕರಿಂದ ಏಳರವರೆಗೆ ಕೇರಿಯ ಮಕ್ಕಳಿಗೆ ಬಾಡಿಗೆಯಿಲ್ಲದೆ ತೆರೆದಿರಬೇಕು. ಮೂರನೆಯದು, ಪ್ರತಿ ಬಯಲಿಗೂ ಕ್ಲಬ್ಬುಗಳು, ಶಾಲೆಯ ಉಪಾಧ್ಯಾಯರು, ಅಂಗಡಿಯವರು ಮತ್ತು ಮಹಿಳೆಯರು ಸೇರಿದ ಸಮಿತಿ ಇರಬೇಕು. ತಿಂಗಳ ಜಮಾಖರ್ಚನ್ನು ಹಲಗೆಯ ಮೇಲೆ ಬರೆಯಬೇಕು. ನಾಲ್ಕನೆಯದು, ವಾರದಲ್ಲಿ ನಿಗದಿಯಾದ ಹೊತ್ತು ಹೆಣ್ಣುಮಕ್ಕಳ ಆಟಕ್ಕೆ ಮೀಸಲಾಗಬೇಕು. ಐದನೆಯದು, ರಾಜ್ಯಕ್ಕೆ ಹೆಸರು ತಂದು ಈಗ ಮೂಲೆ ಸೇರಿರುವ ಹಳೆಯ ಆಟಗಾರರನ್ನು ಪಾಲಿಕೆಯ ಶಾಲೆಗಳಲ್ಲಿ ಸಂಬಳ ಕೊಟ್ಟು ತರಬೇತಿಗೆ ನೇಮಿಸಬೇಕು. ಆರನೆಯದು, ಕಾರ್ಖಾನೆಯ, ಗಿರಣಿಯ ಜಮೀನು ಮಾರಾಟವಾಗುವಾಗ ಅದರಲ್ಲಿದ್ದ ಆಟದ ಬಯಲನ್ನು ಮಾರದೆ ಊರಿಗೆ ಒಪ್ಪಿಸಬೇಕು.

ಈ ಆರನೆಯ ಬೇಡಿಕೆ ನಮ್ಮ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು. ಗಿರಣಿ ಮುಚ್ಚಿದ ಊರುಗಳಲ್ಲಿ ಯಂತ್ರಗಳು ಗುಜರಿಗೆ ಹೋಗುತ್ತವೆ, ಜಮೀನು ನಿವೇಶನಗಳಾಗುತ್ತದೆ. ಕಾರ್ಮಿಕರ ಬಾಕಿ ಸಂಬಳದ ವ್ಯಾಜ್ಯ ಕೋರ್ಟಿನಲ್ಲಿ ಹತ್ತಾರು ವರ್ಷ ನಡೆಯುತ್ತದೆ. ಆ ನಡುವೆ ಗಿರಣಿಯ ಬಯಲು ಯಾವ ದಿನ ಯಾರ ಹೆಸರಿಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಆ ಬಯಲಿನ ಮಣ್ಣಿನಲ್ಲಿ ಒಂದು ತಲೆಮಾರಿನ ಕಾರ್ಮಿಕರ ಬೆವರಿದೆ. ಅದನ್ನು ಸಮತಟ್ಟು ಮಾಡಿದವರು ಅವರು, ಕಲ್ಲು ಹೆಕ್ಕಿದವರು ಅವರು, ಗೋಲಿನ ಕಂಬ ನೆಟ್ಟವರು ಅವರು. ಯಾವ ದಸ್ತಾವೇಜಿನಲ್ಲಿಯೂ ಅದು ಬರೆದಿಲ್ಲವೆಂಬ ಒಂದೇ ಕಾರಣಕ್ಕೆ ಆ ಹಕ್ಕು ಸುಳ್ಳಾಗುವುದಿಲ್ಲ.

ಆದ್ದರಿಂದ ಈ ವಾರ ಪ್ರತಿಯೊಂದು ಊರಿನ ಸಂಘದವರೂ ಒಂದು ಸಣ್ಣ ಕೆಲಸ ಮಾಡಬೇಕೆಂದು ನಾವು ಕೋರುತ್ತೇವೆ. ನಿಮ್ಮ ಊರಿನ ಬಯಲು ಯಾರ ಹೆಸರಿನಲ್ಲಿದೆಯೆಂದು ಪುರಸಭೆಯಲ್ಲಿ, ಕಂದಾಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿ. ಮಾಹಿತಿ ಹಕ್ಕಿನ ಕಾಯ್ದೆ ೨೦೦೫ರಲ್ಲಿಯೇ ಬಂದಿದೆ. ಹತ್ತು ರೂಪಾಯಿಯ ಶುಲ್ಕ, ಮೂವತ್ತು ದಿನಗಳ ಗಡುವು. ಉತ್ತರ ಬಂದರೆ ಅದನ್ನು ಬಯಲಿನ ಬಾಗಿಲಿಗೆ ಅಂಟಿಸಿ. ಬಾರದಿದ್ದರೆ ಮೇಲ್ಮನವಿ ಹಾಕಿ, ನಮಗೂ ಒಂದು ಕಾಗದ ಬರೆಯಿರಿ. ಬೇಲಿ ಬಿದ್ದ ಮೇಲೆ ಮಾಡುವ ಸತ್ಯಾಗ್ರಹಕ್ಕಿಂತ ಬೇಲಿಗೆ ಮುಂಚೆ ಕೊಡುವ ಅರ್ಜಿ ಸುಲಭ. ಅರ್ಜಿಗೆ ಬೆಲೆಯಿಲ್ಲದೆ ಹೋದರೆ ಸತ್ಯಾಗ್ರಹವಂತೂ ಇದ್ದೇ ಇದೆ. ಹನ್ನೊಂದು ಜನ ಒಟ್ಟಿಗೆ ಓಡಲು ಕಲಿತ ಕ್ಲಬ್ಬಿಗೆ ಒಟ್ಟಿಗೆ ಕುಳಿತುಕೊಳ್ಳುವುದು ಕಷ್ಟವೇನಲ್ಲ.